ಪೀಪಾಯಿ ಒಡೆದ ದಿನ

ಕಾಮಯಗೌಂಡನ್‌ಪಟ್ಟಿ
ತೈ ತಿಂಗಳು, ಶುಕ್ರವಾರ, 1897

ನನ್ನ ಮುದ್ದು ತಮ್ಮ ಮಾಯಾಂಡಿಗೆ,

ನಿನ್ನ ಕೆಮ್ಮು ಇಳಿಯಿತಾ? ದಿಂಡಿಗಲ್ಲಿನ ಗಾಳಿ ಒಣ, ಮೆಣಸಿನ ರಸ ಬಿಡಬೇಡ. ಇಸ್ಕೂಲಿನಲ್ಲಿ ಪಾಠ ಹೇಳುತ್ತ ಕೂಗಿ ಕೂಗಿ ಗಂಟಲು ಹರಕೊಳ್ಳಬೇಡ. ಇಲ್ಲಿ ಎಲ್ಲರೂ ಬದುಕಿದ್ದೇವೆ. ಇದೇನು ಹೀಗೆ ಬರೆದಳು ಅಂತ ಹೆದರಬೇಡ, ಹೇಳುತ್ತೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ಕಲಿಸಿದವನು ನೀನೇ.

ತೂಕದ ಬಗ್ಗೆ, ನೀರಿನ ಬಗ್ಗೆ ನೀನು ನಮ್ಮ ಮಾತಿನಲ್ಲಿ ಬರೆಯುತ್ತಿರುವ ಪುಸ್ತಕದ ಹಾಳೆಗಳನ್ನು ಊಟವಾದ ಮೇಲೆ ಅಪ್ಪನಿಗೆ ಓದಿ ಹೇಳುತ್ತಿದ್ದೆ. ತಕ್ಕಡಿ, ಸನ್ನೆಗೋಲಿನ ಮಾತು ಬಂದಾಗ ತಲೆದೂಗಿದರು. ನೀರು ಒತ್ತುವುದು ಎಷ್ಟಿದೆ ಅನ್ನುವುದರಿಂದಲ್ಲ, ಎಷ್ಟು ಎತ್ತರ ನಿಂತಿದೆ ಅನ್ನುವುದರಿಂದ. ಸಣ್ಣ ಕೊಳವೆಯಲ್ಲಿ ಎತ್ತರಕ್ಕೆ ನಿಂತ ಒಂದಿಷ್ಟು ನೀರು ಗಟ್ಟಿ ಪೀಪಾಯಿಯನ್ನೇ ಒಡೆಯುತ್ತದೆ ಎಂದು ಓದಿದಾಗ ಎದ್ದು ಕೂತರು. “ಪೊಯ್ಯಿ! ನನ್ನ ಮಗ ಸುಳ್ಳು ಬರೆದವ್ನೆ. ಅಚ್ಚಾದ್ರೆ ನಮ್ಮ ಜನ ಉಗೀತಾರೆ” ಅಂದರು.

ಮಾಡಿಯೇ ನೋಡೋಣ ಅಂತ ಅಪ್ಪ ಬೋಡಿಮೆಟ್ಟಿನ ತೋಟದಿಂದ ತಂದ ಮರದ ಪೀಪಾಯಿಯಲ್ಲಿ ನೀರು ತುಂಬಿಸಿ ಮುಚ್ಚಿದರು. ಗಿಣ್ಣು ಕೊರೆದ ಸಣ್ಣ ಬಿದಿರುಗಳನ್ನು ಒಂದಕ್ಕೊಂದು ಕೂಡಿಸಿ, ಮೇಣ ಮೆತ್ತಿ, ತೆಂಗಿನ ಮರಕ್ಕೆ ಕಟ್ಟಿ ಮುಚ್ಚಳದೊಳಗೆ ಇಳಿಸಿದರು. ನಿನ್ನ ಮಾತು ಸುಳ್ಳಾಗುವುದನ್ನು ನೋಡಲು ಅರ್ಧ ಊರು ಸೇರಿತ್ತು. ಆಳೊಬ್ಬ ಮರ ಹತ್ತಿ ಮೇಲಿಂದ ನೀರು ಹೊಯ್ದ. ಒಂದು ಕೊಡವೂ ಹಿಡಿದಿರಲಿಕ್ಕಿಲ್ಲ. ಪೀಪಾಯಿ ನರಳಿತು ಮಾಯಾಂಡಿ, ದನ ನರಳಿದ ಹಾಗೆ. ಆಮೇಲೆ ಸಿಡಿಯಿತು. ಹಲಗೆಯೊಂದು ಮೊಣಕಾಲಿಗೆ ಬಡಿದು ಅಪ್ಪ ಕೆಸರಿನಲ್ಲಿ ಕೂತುಬಿಟ್ಟರು. ನಾನು ಕಾಲು ಹಿಡಿಯಲು ಓಡಿದರೆ, ಅವರು ಕಾಲನ್ನು ನೋಡುತ್ತಲೇ ಇಲ್ಲ, ಮೇಲಿನ ದಿಣ್ಣೆಯ ಕಡೆ ನೋಡುತ್ತಿದ್ದಾರೆ. “ರಂಗು, ತೊಟ್ಟಿ!” ಅಂದರು.

ಆ ತೊಟ್ಟಿ ನೀನು ನೋಡಿಲ್ಲ. ಮೇಲಿನ ಹೊಲಕ್ಕೆ ನೀರು ಹಾಯಿಸಲು ಮೊನ್ನೆ ಮಳೆಗಾಲಕ್ಕೆ ಮುಂಚೆ ಕಟ್ಟಿಸಿದರು. ಎರಡಾಳು ಎತ್ತರ, ಅಗಲ ಕಡಿಮೆ. ಇಷ್ಟೇ ನೀರಿಗೆ ದಪ್ಪ ಗೋಡೆ ಏಕೆ ಅಂತ ತೆಳ್ಳಗೆ ಎಬ್ಬಿಸಿದ್ದರು. ಈಗ ಅಂಚಿನವರೆಗೂ ತುಂಬಿತ್ತು. ಕೆಳಗೇ ಕೂಲಿಯವರ ಗುಡಿಸಲು. ಅಪ್ಪ ಕುಂಟುತ್ತಲೇ ಓಡಿ ತೂಬು ಎಳೆದು ನೀರು ಬಿಟ್ಟರು. “ಗೌಂಡರೇ, ಬೆಳೆ ನೀರು ಪೋಲಾಗ್ತದೆ!” ಅಂತ ಗುಡಿಸಲಿನಿಂದ ಕೂಲಿಯ ಪಾಂಡಿಯಮ್ಮಾಳ್ ಕೂಗಿದಳು. “ಮಗೂನ ಎತ್ಕೊಂಡು ಆಚೆ ಬಾ!” ಅಂತ ಅಪ್ಪ ಬೈದರು. ಬೈದೇ ಎಲ್ಲರನ್ನೂ ಹೊರಡಿಸಿದರು.

ನೀರು ಅರ್ಧಕ್ಕೆ ಇಳಿದಿತ್ತು. ಅಷ್ಟರಲ್ಲಿ, ಮೊದಲೇ ಬಿರಿದಿದ್ದ ಗೋಡೆ ಬುಡದಲ್ಲಿ ಬಾಯಿಬಿಟ್ಟು ಮಗ್ಗುಲಾಯಿತು. ಅಷ್ಟೇ ನೀರು, ಆದರೂ ಪಾಂಡಿಯಮ್ಮಾಳ ಒಲೆ, ಮಣ್ಣಿನ ಗೋಡೆ, ತೊಟ್ಟಿಲು ಕಟ್ಟಿದ್ದ ತೊಲೆ ಎಲ್ಲ ಹೋಯಿತು. ಮಗುವನ್ನು ಅಪ್ಪಿಕೊಂಡು ಅವಳು ನೋಡುತ್ತ ನಿಂತಳು. ತೊಟ್ಟಿ ತುಂಬಿದ್ದು ಅವರು ಒಳಗಿದ್ದಿದ್ದರೆ ಒಬ್ಬರೂ ಉಳಿಯುತ್ತಿರಲಿಲ್ಲ. ಅವರೆಲ್ಲ ಈಗ ನಮ್ಮ ಜಗುಲಿಯಲ್ಲಿದ್ದಾರೆ. ಅಪ್ಪ ಅವರಿಗೆ ಮೊದಲು ಬಡಿಸಿ ಅಂದರು, ತಾವು ಉಣ್ಣಲಿಲ್ಲ.

ದೇವರು ನಿನ್ನ ಆಯುಸ್ಸು ಬೆಳೆಸಲಿ. ಅಮ್ಮ ನಿನ್ನ ತಲೆ ನೇವರಿಸಿದ ಹಾಗೆ ಬರೆ ಅಂದಳು, ಬರೆದಿದ್ದೇನೆ.

ನಿನ್ನ ಅಕ್ಕ,
ರಂಗಮ್ಮಾಳ್

ಮರೆತೆ: ಅಪ್ಪನ ತೊಟ್ಟಿ ನೋಡಿ ಕೆಳಗಿನೂರಿನಲ್ಲಿ ಪೆರಿಯಣ್ಣನ್ ಚಿಕ್ಕಪ್ಪನೂ ಅಂಥದೇ ಕಟ್ಟಿಸಿದ್ದಾರೆ. ಅದು ತುಂಬಿದೆ. ಅಪ್ಪ ಗಾಡಿ ಕಟ್ಟಿಸಿಕೊಂಡು ಹೋಗಿ ಕೈಮುಗಿದು ಹೇಳಿದರೂ ಚಿಕ್ಕಪ್ಪ ನಕ್ಕು ಕಳಿಸಿದರಂತೆ. ನಿನ್ನ ಮಾತಾದರೆ ಕೇಳ್ಯಾರು. ಇಸ್ಕೂಲಿಗೆ ರಜೆ ಕೇಳುತ್ತ ನಿಲ್ಲಬೇಡ, ಹೊರಡು.