ಸತ್ತ ಕಾಳಿನ ಹೊಳಪು

ಗದಗ, ಫೆಬ್ರುವರಿ ಮೂವತ್ತು, ೨೨೧೪

ಗಂಟಲು ಕೊಯ್ಯುವ ಹಿಂದಿನ ಕಾಲದ ಡಾಕ್ಟರರಿಗೆ ಫಕೀರವ್ವ ಮಾಡುವ ನಮಸ್ಕಾರ.

ನಮ್ಮಲ್ಲಿ ಫೆಬ್ರುವರಿಗೆ ಮೂವತ್ತು ದಿನ. ತಪ್ಪು ಬರೆದಳೆಂದು ಕಾಗದ ಹರಿಯಬೇಡಿ. ನನ್ನ ಶಾಲೆ ನಾಲ್ಕನೆಯದಕ್ಕೇ ನಿಂತಿತು. ಮಾತು ವಿಚಿತ್ರ ಕಂಡರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ. ಇದು ನಿಮಗೆ ಮುಟ್ಟುತ್ತದೋ ಇಲ್ಲವೋ, ಮುಟ್ಟಿದರೂ ಓದುತ್ತೀರೋ ಇಲ್ಲವೋ, ನನಗೆ ಅದೇ ಚಿಂತೆ.

ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡ ನಾಲ್ಕು ಕಾಳುಗಳು ನಿಮಗೆ ಗೊತ್ತೇ ಇವೆ. ಅಕ್ಕಿಕಾಳಿನಷ್ಟೇ, ಆದರೆ ಮೈಯ ಸುಣ್ಣದಂಶ ಕಾಯುವುದು ಅವೇ; ಅದು ಇಳಿದರೆ ಕೈಕಾಲು ಸೆಟೆಯುತ್ತವೆ. ಕಣ್ಣಿಗೆ ಕಾಣದ ಒಂದು ಬೆಳಕು ಬಿಟ್ಟರೆ ಅವು ಕ್ಯಾಮೆರಾದಲ್ಲಿ ಹೊಳೆಯುತ್ತವೆ. ಅದನ್ನು ಕಂಡುಹಿಡಿದವರು ನೀವೇ ಅಂತೆ. ನಾವು ಅದಕ್ಕೆ ಕಾಳುಬೆಳಕು ಅನ್ನುತ್ತೇವೆ. ಗಂಟಲ ಗಂಟು ತೆಗೆಯುವ ಆಪರೇಷನ್ ನಡೆಯುವಾಗ ಮನೆಮಂದಿ ಹೊರಗೆ ನೋಡುಗೋಡೆಯ ಮುಂದೆ ಕೂರುತ್ತಾರೆ. ಒಳಗಿನದೆಲ್ಲ ಆ ಗೋಡೆಯ ಮೇಲೆ ಕಾಣುತ್ತದೆ. ನಾಲ್ಕೂ ಹೊಳೆದವೆಂದರೆ ಕಾಳು ಉಳಿದವೆಂದು ಚಪ್ಪಾಳೆ, ಸಕ್ಕರೆ. ಸಕ್ಕರೆ ಹಂಚಿದ ಮೇಲೆ ಕತ್ತು ತೆರೆದಿಡುವುದು ಅಪಶಕುನ. ಹಾಗಾಗಿ ಕಾಳಿಗೆ ರಕ್ತ ಹರಿಯುತ್ತಿದೆಯೋ ಇಲ್ಲವೋ ತೋರಿಸುವ ಬಣ್ಣದ ಸೂಜಿಯನ್ನು ಹಾಕದೆ ಹೊಲಿದುಬಿಡುತ್ತಾರೆ.

ನನ್ನ ತಂಗಿ ನೀಲವ್ವನಿಗೂ ಹಾಗೇ ಹೊಲಿದರು. ಮನೆಗೆ ಬಂದ ಮೇಲೆ ಅವಳ ತುಟಿ ಜುಮುಜುಮು ಅಂದವು. ರೊಟ್ಟಿ ಬಡಿಯಲು ಕೂತರೆ ಬೆರಳು ಕೊಕ್ಕಿನಂತೆ ಕೂಡಿಕೊಂಡು ಬಿಚ್ಚಲೇ ಇಲ್ಲ. "ನಾಲ್ಕೂ ಹೊಳದಾವು, ಮಂದಿಯೆಲ್ಲಾ ನೋಡೇತಿ. ಕೆಲಸಗಳ್ಳಿ, ನಾಟಕ ಸಾಕು ಮಾಡು," ಅಂದ ಅಣ್ಣ ಬಾಳಪ್ಪ. "ಯಣ್ಣಾ, ಈ ಕೈ ನಂದ ಅಲ್ಲನ್ನಂಗ ಆಗೇತೋ," ಅಂತ ಅವಳು ಅತ್ತರೆ ಅತ್ತಿಗೆ ಆ ಕೈಯನ್ನು ಅಣಕಿಸಿ ತೋರಿಸಿದಳು, ಮಕ್ಕಳು ನಕ್ಕವು. ದವಾಖಾನೆಗೆ ಒಯ್ದೆ. ಅಲ್ಲೂ ಹೊಳೆಯುವ ಚಿತ್ರವನ್ನೇ ತೋರಿಸಿ ಮರಳಿ ಕಳಿಸಿದರು. ಕಡೆಗೆ ಮೈಯೆಲ್ಲ ಸೆಟೆದು, ಗಂಟಲು ಬಿಗಿದು, ಉಸಿರು ಕಟ್ಟಿ ಸತ್ತಳು.

ಶವಪರೀಕ್ಷೆಯಲ್ಲಿ ಮತ್ತೆ ಕಾಳುಬೆಳಕು ಬಿಟ್ಟರು. ನೀಲವ್ವ ತಣ್ಣಗಾಗಿದ್ದಳು, ನಾಲ್ಕೂ ಹೊಳೆಯುತ್ತಿದ್ದವು.

"ಸತ್ತ ಕಾಳೂ ಹೊಳೀತಾವ್ರೀ ಅಕ್ಕಾರ," ಅಂದಳು ನರ್ಸು, ಕೈಗವಸು ಕಳಚುತ್ತ.

ಅಣ್ಣ ಮಾತ್ರ ಗೆದ್ದವನಂತೆ ನನ್ನ ಕಡೆ ತಿರುಗಿದ. "ನೋಡಿದೇನು? ನಾ ಸುಳ್ಳ ಹೇಳಿದ್ನೇನು?"

ನಿಮ್ಮ ಪುಸ್ತಕಗಳಲ್ಲಿ ನರ್ಸು ಅಂದ ಈ ಮಾತು ಎಲ್ಲೋ ಮೂಲೆಯಲ್ಲಿ ಇದ್ದೀತು. ಹೊಳಪಿನ ಮಾತಿನಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿರಿ, ನಿಮ್ಮ ಕಾಲಿಗೆ ಬೀಳುತ್ತೇನೆ: ಹೊಳೆದದ್ದೆಲ್ಲ ಬದುಕಿಲ್ಲ, ರಕ್ತ ನೋಡಿ ಆಮೇಲೆ ಹೊಲಿಯಿರಿ. ಬೇಗ ಬರೆಯಿರಿ. ನನ್ನ ಗಂಟಲಲ್ಲೂ ಗಂಟು ಎದ್ದಿದೆ, ಮಂಗಳವಾರ ನನ್ನ ಪಾಳಿ. ಬಣ್ಣದ ಸೂಜಿ ಹಾಕಿಸು ಎಂದು ಅಣ್ಣನಿಗೆ ಅತ್ತು ಹೇಳಿದೆ.

ಅವನು ಈಗಲೇ ಸಕ್ಕರೆ ತಂದಿಟ್ಟಿದ್ದಾನೆ.