ಎಡ್ವಿನ್ನನ ಹತ್ತಿರ ಹೋಗಿಬಂದು

ಕಿಲ್ಬರ್ನ್, ಅಡಿಲೇಡ್
14 ಜುಲೈ 2025

ಚಿ. ಸೌ. ಜ್ಯೋತ್ಸ್ನಾಳಿಗೆ ನಿನ್ನ ಅಮ್ಮನ ಆಶೀರ್ವಾದ.

ಪರ್ತ್‌ಗೆ ಬಂದು ನಮ್ಮ ಜೊತೆಗೇ ಇದ್ದುಬಿಡಿ ಎಂದು ನೀನೂ ಸಂದೀಪನೂ ಕರೆದು ಎಷ್ಟು ದಿನವಾಯಿತೋ. ಉತ್ತರ ಕೊಡದೆ ಸತಾಯಿಸುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ಅವರು ಮನೆ ಮಾರಲು ತಯಾರು, ಕಾಲೆಳೆಯುತ್ತಿರುವವಳು ನಾನೇ. ಮೈಗೆ ಏನೂ ಆಗಿಲ್ಲ. ಸುಸ್ತು, ಅಷ್ಟೇ. ನಿದ್ದೆ ಮಾಡಿದರೂ ಹೋಗದ ಸುಸ್ತು.

ಸೋಮವಾರ ಸೋಮವಾರ ನಾನು ಇಲ್ಲಿನ ಹಳೇ ಸ್ಮಶಾನಕ್ಕೆ ಹೋಗುತ್ತೇನೆ. ಅಲ್ಲಿ ಎಡ್ವಿನ್ ಹಾರ್ಲೋ ಎಂಬ ಹುಡುಗನ ಸಮಾಧಿಯಿದೆ. ವಿಕ್ಟೋರಿಯಾ ರಾಣಿಯ ಕಾಲದವನು, ಇಂಗ್ಲೆಂಡಿನಲ್ಲಿ ಯಾವುದೋ ಕೌಂಟಿ ತಂಡಕ್ಕೆ ಆಡುತ್ತಿದ್ದನಂತೆ. ಕ್ರಿಕೆಟ್ ಎಂಬ ಮಾತೇ ನಿಂತುಹೋದ ಮನೆಯಲ್ಲಿ ಅಮ್ಮ ಇದೇನು ಶುರು ಹಚ್ಚಿಕೊಂಡಳು ಎನ್ನುತ್ತೀಯೇನೋ.

ಅವನ ಕಥೆ ಹೇಳಿದವರು ಮಾರ್ಗರೆಟ್ ಎಂಬ ಅಜ್ಜಿ. ಬಂದವರಿಗೆ ಸ್ಮಶಾನ ಸುತ್ತಿಸುವುದೇ ಅವರ ಹುಚ್ಚು. ಆಗ ಸಂಬಳಕ್ಕೆ ಆಡುವವರು ಒಂದು ಬಾಗಿಲಿನಿಂದ ಮೈದಾನಕ್ಕೆ ಇಳಿಯಬೇಕಿತ್ತಂತೆ, ಸಂಬಳವಿಲ್ಲದೆ ಬರೀ ಖುಷಿಗೆ ಆಡುವ ದೊಡ್ಡ ಮನೆತನದವರಿಗೆ ಬೇರೆ ಬಾಗಿಲು. ನಮ್ಮಜ್ಜಿಯ ಮಡಿ ಇವರಿಗೂ ಇತ್ತು ನೋಡು! ಎಡ್ವಿನ್ ದೊಡ್ಡ ಮನೆತನದವರ ಬಾಗಿಲಿನವನು. ಒಂದೆರಡು ಬೇಸಿಗೆ ಚೆನ್ನಾಗಿ ಆಡಿದ, ಕ್ಷಯ ಅಂಟಿತು. ಒಣಹವೆಗೆ ವಾಸಿಯಾದೀತೆಂದು ಹಡಗು ಹತ್ತಿಸಿ ಇಲ್ಲಿಗೆ ಕಳಿಸಿದರು. ವಾಸಿಯಾಗಲಿಲ್ಲ. ಇಪ್ಪತ್ತನಾಲ್ಕಕ್ಕೇ ಮುಗಿಯಿತು.

‘ಅವರಮ್ಮ ಬಂದಿದ್ರಾ?’ ಎಂದು ಕೇಳಿದೆ.

‘ಅಷ್ಟು ದೂರ ಎಲ್ಲಿ ಬರ್ತಾರೆ ಡಿಯರ್? ಕಲ್ಲಿನ ಮೇಲೆ ಏನು ಕೆತ್ತಬೇಕು ಅಂತ ಬರೆದು ಕಳಿಸಿದ್ರು, ಅಷ್ಟೇ’ ಎಂದರು ಮಾರ್ಗರೆಟ್.

ಅಂದಿನಿಂದ ಕಳೆ ಕೀಳುತ್ತೇನೆ, ಹಿತ್ತಲಿನ ಒಂದು ಗುಲಾಬಿ ಇಟ್ಟು ಸ್ವಲ್ಪ ಹೊತ್ತು ಕೂರುತ್ತೇನೆ. ಆದರೆ ಸ್ಮಶಾನದಿಂದ ಬಂದು ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಓಡಾಡಲು ಮನಸ್ಸೊಪ್ಪುವುದಿಲ್ಲವಲ್ಲ! ಹಿಂದುಗಡೆ ಬಟ್ಟೆ ಒಗೆಯುವ ಲಾಂಡ್ರಿ ಕೋಣೆಯ ಬಾಗಿಲಿನಿಂದ ಕಳ್ಳಿಯ ಹಾಗೆ ನುಸುಳುತ್ತೇನೆ. ‘ಏನೇ ಇದು, ಈ ಚಳೀಲಿ ಮತ್ತೆ ತಲೆಸ್ನಾನ?’ ಎಂದು ನಿಮ್ಮಪ್ಪ ಮೊದಲೆಲ್ಲ ರೇಗುತ್ತಿದ್ದರು. ಕಳೆದ ಸೋಮವಾರ ಬರುವಷ್ಟರಲ್ಲಿ ಲಾಂಡ್ರಿಯಲ್ಲಿ ಟವೆಲ್ಲು, ಒಗೆದ ಸೀರೆ, ನನ್ನ ಸ್ವೆಟರು ಮಡಿಸಿಟ್ಟಿದ್ದವು. ತಲೆಗೆ ನೀರು ಹಾಕಿಕೊಂಡು, ಅದೇ ಸೀರೆ ಉಟ್ಟು ಒಳಗೆ ಹೋದೆ.

ಹೊತ್ತು ಹೊತ್ತಿಗೆ ಊಟ ಮಾಡು. ನೀವಿಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅಮ್ಮ,
ನಾಗವೇಣಿ

ತಾ.ಕ.: ಎಡ್ವಿನ್ನನದು ನಮ್ಮ ಯಶವಂತನದೇ ವಯಸ್ಸು. ಬ್ರಿಸ್ಬೇನಿನಲ್ಲಿ ನಿನ್ನ ತಮ್ಮ ಕ್ರಿಕೆಟ್ ಆಡುತ್ತಾ ಆಡುತ್ತಲೇ ಕುಸಿದುಬಿದ್ದು ತೀರಿಹೋದಾಗ ಅಸ್ಥಿಯನ್ನು ಅಲ್ಲೇ ಸಮುದ್ರಕ್ಕೆ ಬಿಟ್ಟೆವು. ನಮ್ಮ ಪದ್ಧತಿ, ತಪ್ಪೇನಿಲ್ಲ. ಆದರೆ ನನಗೆ ಹೋಗಿ ಕೂರಲು ಒಂದು ಜಾಗ ಉಳಿಯಲಿಲ್ಲ, ಪುಟ್ಟಿ. ಪರ್ತ್‌ಗೆ ಬರುತ್ತೇನೆ. ನಿಮ್ಮ ಥಾರ್ನ್ಲಿಯ ಸುತ್ತಮುತ್ತ ಹಳೇ ಸ್ಮಶಾನವೇನಾದರೂ ಇದ್ದರೆ, ಅಮ್ಮ ಬರಲಾಗದೆ ಹೋದ ಹುಡುಗ ಯಾರಾದರೂ ಇದ್ದಾನೇನೋ, ನೋಡಿಟ್ಟಿರು.