ಚಂದವ್ವ ನೆಟ್ಟ ಅನಾನಸ

ಇಳಕಲ್ಲ,
ಸೋಮವಾರ, 9-4-1984

ಚಂದವ್ವನ ಅಪ್ಪನವರಿಗೆ,

ನಮಸ್ಕಾರ. ಮಗಳು ಹೋದ ಮೇಲೆ ಹೀಗೆ ಕರೆಯಬೇಡ ಎಂದು ನೀವು ಒಮ್ಮೆ ಸಿಡಿದಿದ್ದಿರಿ. ಗಂಡನ ಹೆಸರು ಬರೆಯಲು ನನಗೆ ಕೈ ಏಳುವುದಿಲ್ಲ, ಮತ್ತೇನೆಂದು ಕರೆಯಲಿ? ಸಿಟ್ಟಾದರೂ ಪತ್ರವನ್ನು ಕೊನೆಯತನಕ ಓದಿರಿ.

ನಿಮ್ಮ ಅವ್ವ, ಚಂದವ್ವನ ಆಯಿ, ಆರಾಮಿದ್ದಾರೆ, ಮೊಣಕಾಲ ನೋವು ಮಾತ್ರ ಬಿಟ್ಟಿಲ್ಲ. ನಾನು ನೇಕಾರರ ಮನೆಗಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತೇನೆ, ಇಬ್ಬರ ಹೊಟ್ಟೆ ನಡೆಯುತ್ತದೆ. ನೀವು ಬಾದಾಮಿಯಲ್ಲಿ ಲಾರಿಯೊಳಗೇ ಮಲಗುತ್ತೀರಿ ಎಂದು ನಿಮ್ಮ ಗೆಳೆಯ ಮಲೀಕಸಾಬ ಹೇಳಿದ. ಕಲ್ಲು ಹೇರಿಕೊಂಡು ಘಟ್ಟ ಇಳಿಯುವಾಗ ಹೆದರದ ಗಂಡಸು ಒಂದು ಡಬ್ಬಿ ಗಿಡಕ್ಕೆ ಹೆದರಿ ಮನೆ ಬಿಟ್ಟ ಎಂದು ಓಣಿಯವರು ನಗುತ್ತಾರೆ. ಸುಳ್ಳು ಯಾಕೆ ಹೇಳಲಿ, ಒಮ್ಮೊಮ್ಮೆ ನಾನೂ ನಕ್ಕಿದ್ದೇನೆ. ಅತ್ತದ್ದು ಅದಕ್ಕಿಂತ ಹೆಚ್ಚು.

ಬರೆಯಬೇಕಾದ ಮಾತು ಇಷ್ಟೇ. ಅನಾನಸ ಹಣ್ಣಾಗಿದೆ.

ಕಾರವಾರಕ್ಕೆ ಕಲ್ಲು ಒಯ್ದು ಬರುವಾಗ ನೀವು ಆ ಒಂದು ಹಣ್ಣು ತಂದಿದ್ದಿರಿ. ನಮ್ಮ ಓಣಿಯಲ್ಲಿ ಅದನ್ನು ಕಂಡವರೇ ಇರಲಿಲ್ಲ. ಚಂದವ್ವ ನಾಲಿಗೆ ಉರಿಯುವಷ್ಟು ತಿಂದಳು. ಮೇಲಿನ ಜುಟ್ಟನ್ನು ಒಗೆಯಲು ಬಿಡಲಿಲ್ಲ. ಎಣ್ಣೆಯ ಹಳೇ ಡಬ್ಬಿಗೆ ತೂತು ಹೊಡೆಸಿ, ಮಣ್ಣು ತುಂಬಿ, ಬಚ್ಚಲ ಗೋಡೆಯ ಬದಿಗೆ ಬೇವಿನ ನೆರಳಿನಲ್ಲಿ ನೆಟ್ಟಳು. ಗಿಡದ ಸುಳಿಯಲ್ಲಿ ಚೊಂಬಿನಿಂದ ನೀರು ಬಿಡುತ್ತಿದ್ದಳು. ಸಂಜೆಯಾದರೆ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು "ಅವ್ವಾ, ಹಣ್ಣಾತೇನ?" ಎಂದು ರಾಗ ಎಳೆಯುತ್ತಿದ್ದಳು. ನಾನು "ನಾಳಿ" ಎನ್ನುತ್ತಿದ್ದೆ. ಆ ಮಳೆಗಾಲದ ಜ್ವರದಲ್ಲಿ, ದವಾಖಾನೆಯ ಮಂಚದ ಮೇಲೆಯೂ ಅದನ್ನೇ ಕೇಳಿದಳು. ನಾನೂ ಅದನ್ನೇ ಹೇಳಿದೆ.

ಆಮೇಲಿನದು ನಿಮಗೆ ಗೊತ್ತು. "ಕೂಸು ಆಸೆ ಇಟ್ಕೊಂಡು ಹೋಗೇತಿ, ಆ ಗಿಡದಾಗ ಕುಂತೈತಿ, ಕಿತ್ತು ಒಗೀರಿ" ಎಂದು ನಿಮ್ಮ ಅವ್ವ ಹಟ ಹಿಡಿದರು. ಎರಡು ವರ್ಷ ಸುಮ್ಮನಿದ್ದ ನೀವು ಹೋದ ಬೇಸಿಗೆಯಲ್ಲಿ ಗುದ್ದಲಿ ತಂದಿರಿ. ನಾನು ಡಬ್ಬಿಯನ್ನು ತಬ್ಬಿಕೊಂಡು ಕೂತೆ. ಎಲೆಯ ಮುಳ್ಳು ಗೀರಿ ಎರಡೂ ತೋಳು ರಕ್ತವಾದವು. "ಇದು ಇರೂತನಕ ನಾ ಈ ಹೊಸ್ತಿಲಾ ತುಳಿಯೂದಿಲ್ಲ" ಎಂದು ನೀವು ಹೋದಿರಿ.

ನಾನು ಯಾಕೆ ಬಿಡಲಿಲ್ಲ ಎಂಬುದನ್ನು ಯಾರಿಗೂ ಹೇಳಿಲ್ಲ. ಈಗ ನಿಮಗೊಬ್ಬರಿಗೇ ಹೇಳುತ್ತೇನೆ. ದೀಪ ಹಚ್ಚುವ ಹೊತ್ತಿಗೆ ಬಚ್ಚಲ ಕಡೆಯಿಂದ ಆಕೆಯ ದನಿ ಬರುತ್ತಿತ್ತು. ಅದೇ ರಾಗ, ಅದೇ ಮಾತು: ಅವ್ವಾ, ಹಣ್ಣಾತೇನ? ಮೊದಲ ದಿನ ಕೈಯಲ್ಲಿದ್ದ ದೀಪ ಬಿದ್ದುಹೋಯಿತು. ಆಮೇಲೆ ಆ ಹೊತ್ತಿಗಾಗಿ ಕಾಯತೊಡಗಿದೆ. ಹೇಳಿದರೆ ಮಂತ್ರ ಹಾಕಿಸಿ ಬಿಡಿಸುತ್ತಾರೆ ಎಂದು ಬಾಯಿ ಮುಚ್ಚಿಕೊಂಡೆ. ನಿಮಗೆಲ್ಲ ಅದು ದೆವ್ವವಾದರೆ ನನಗೆ ಮಗಳು. ಎಲ್ಲರೂ ಆಕೆಯನ್ನು ಕಳಿಸಲು ನಿಂತಿದ್ದರು. ಇರಿಸಿಕೊಳ್ಳಬೇಕು ಎಂದವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಶ್ರಾವಣದಲ್ಲಿ ನಿಮ್ಮ ಅವ್ವ ಹೊಸ ಕೆಲಸ ಹಚ್ಚಿಕೊಂಡರು. ಬೀರಪ್ಪನ ಗುಡಿಯ ಭಂಡಾರದ ಅರಿಶಿನ ಉಗ್ಗಿ, ಡಬ್ಬಿಯ ಬದಿಗೆ ಕೆಂಡದ ಮೇಲೆ ಲೋಬಾನ, ಹಸಿ ಬೇವಿನ ಸೊಪ್ಪು ಹಾಕಿ, ಗಿಡದ ಮೇಲೆ ದೊಡ್ಡ ಬುಟ್ಟಿ ಡಬ್ಬು ಹಾಕಿ ಹೊಗೆ ಕೂಡಿಸಿದರು. ಒಂದು ದಿನವಲ್ಲ, ದಿನಾಲೂ. "ಕೂಸಿನ್ನ ಬಿಡಿಸಾಕತ್ತೇನಿ, ಅಡ್ಡ ಬರಬ್ಯಾಡ" ಎಂದರು. ಅತ್ತೆಯ ಕೈ ಹಿಡಿಯುವುದು ಹೇಗೆ? ಒಳಗೆ ಕೂತು ಸೆರಗು ಕಚ್ಚಿಕೊಂಡು ಅತ್ತುಬಿಟ್ಟೆ. ನನ್ನ ಕೂಸಿಗೆ ಉಸಿರು ಕಟ್ಟುತ್ತದೆ ಎನ್ನಿಸುತ್ತಿತ್ತು.

ದಸರೆಯ ಹೊತ್ತಿಗೆ ಸುಳಿಯ ನಡುವೆ ಕುಂಕುಮ ಇಟ್ಟ ಹಾಗೆ ಕೆಂಪು ಕಾಣಿಸಿತು. ಹೂವು! ಮೂರು ವರ್ಷ ಬರೀ ಎಲೆ ಬಿಟ್ಟ ಗಿಡ. ಬಿಡಿಸಲು ಹಾಕಿದ ಹೊಗೆಯನ್ನೂ ಗೆದ್ದು ಮಗಳು ಉಳಿದಳು ಎಂದು ನಾನು ಕುಣಿದಾಡಿದೆ. ಆಚೆಮನೆಯ ಗುಲಾಬಬಿಯನ್ನು ಕರೆದು ತೋರಿಸಿದೆ. ಆಕೆಯ ತವರು ಅಂಕೋಲೆಯ ಕಡೆ. "ಇದರಾಗ ಏನ ಐತಿ ಸಾವಂತ್ರಿ, ನಮ್ಮ ತವರಾಗ ಗಿಡ ಹೂವಿಗೆ ಬರಲಿಲ್ಲಂದ್ರ ಹೊಗಿ ಕೊಡ್ತಾರ" ಎಂದುಬಿಟ್ಟಳು.

ಆ ಸಂಜೆ ದನಿ ಬರಲಿಲ್ಲ. ಮರುದಿನವೂ ಇಲ್ಲ. ಇವತ್ತಿನತನಕ ಇಲ್ಲ. ಲೋಬಾನಕ್ಕೆ ಹೋಗದವಳು ಗುಲಾಬಬಿಯ ಒಂದು ಮಾತಿಗೆ ಹೋದಳು. ನನಗೆ ಈ ಮನೆ ಅಂಜಿಕೆ ಹುಟ್ಟಿಸಿದ್ದು ಆವಾಗಲೇ, ದನಿ ಇದ್ದಾಗ ಅಲ್ಲ.

ಹಣ್ಣು ಸಣ್ಣದು, ನನ್ನ ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಡಬ್ಬಿಯ ಮಣ್ಣು ಎಷ್ಟು ಕೊಟ್ಟೀತು? ಆದರೆ ಬಣ್ಣ ಬಂದಿದೆ, ವಾಸನೆ ಪಡಸಾಲೆಗೂ ಬರುತ್ತದೆ. ನಿಮ್ಮ ಅವ್ವ ಬಿಸಿಲಲ್ಲೂ ಅದರ ಬದಿ ಕೂತು ಅಳಿಲು ಓಡಿಸುತ್ತಾರೆ. ಅಪ್ಪನ ಕೈಯಿಂದಲೇ ಕೊಯ್ಯಿಸಿ, ಕೂಸನ್ನು ಮಣ್ಣು ಮಾಡಿದಲ್ಲಿ ಎಡೆ ಇಡಬೇಕಂತೆ. ಅವರು ಬಿಡಿಸಲು ಹಾಕಿದ ಹೊಗೆಯೇ ಹಣ್ಣು ತಂದಿತು ಎಂದು ನಾನು ಅವರಿಗೆ ಹೇಳಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರ ಮಾತು ಕೇಳಿ ಮಗ ಮನೆ ಬಿಟ್ಟ. ಈಗ ಅದೆಲ್ಲ ಬರೀ ಗಿಡದ ಮಾತೆಂದು ತಿಳಿದರೆ ಆ ಜೀವ ತಡೆಯಲಾರದು. ಇದನ್ನು ಮುಗಿಸಿ ಗುಲಾಬಬಿಗೂ ಬಾಯಿ ಬಿಡಬೇಡ ಎಂದು ಹೇಳಿ ಬರುತ್ತೇನೆ.

ಈ ಗಿಡ ಒಂದೇ ಸಲ ಫಲ ಕೊಟ್ಟು ಒಣಗುತ್ತದಂತೆ. ಅಂದಮೇಲೆ ನಿಮ್ಮ ಹಟವೂ ಉಳಿಯಿತು, ಗುದ್ದಲಿಯೂ ಬೇಡ. ಆದರೆ ಬುಡದಲ್ಲಿ ಎರಡು ಮರಿ ಎದ್ದಿವೆ. ಅವನ್ನು ಕಿತ್ತರೆ ಮಾತ್ರ ನಾನು ಸುಮ್ಮನಿರುವವಳಲ್ಲ, ಈಗಲೇ ಹೇಳಿಬಿಡುತ್ತೇನೆ. ಹಣ್ಣು ಬಹಳ ದಿನ ತಾಳುವುದಿಲ್ಲ. ಲಾರಿ ತಿರುಗಿಸಿರಿ.

ನಿಮ್ಮ ದಾರಿ ಕಾಯುತ್ತಿರುವ
ಚಂದವ್ವನ ಅವ್ವ,
ಸಾವಂತ್ರವ್ವ

ತಾ.ಕ.: ಗುಲಾಬಬಿಯ ಮನೆಗೆ ಹೋಗಿ ಬಂದೆ. ಅತ್ತೆಗೆ ಹೇಳಬೇಡ ಎಂದು ನಾನು ಕೈ ಹಿಡಿದರೆ ಆಕೆ ನಕ್ಕಳು, ಆಮೇಲೆ ಕಣ್ಣು ಒರೆಸಿಕೊಂಡಳು. ಸೊಸೆಗೆ ಹೇಳಬೇಡ ಎಂದು ಅತ್ತೆ ಆಕೆಯಿಂದ ಮೊದಲೇ ಆಣೆ ಹಾಕಿಸಿಕೊಂಡಿದ್ದರಂತೆ. ಹೊಗೆಯ ಉಪಾಯ ಶ್ರಾವಣದಲ್ಲೇ ಕೇಳಿಕೊಂಡು ಹೋದವರು ಅವರೇ. "ಸಂಜಿ ಆತಂದ್ರ ಕೂಸು 'ಆಯಿ, ಹಣ್ಣಾತೇನ?' ಅಂತ ಕೇಳತೈತಿ ಗುಲಾಬಬಿ, ನಾ ಏನ ಹೇಳ್ಲಿ? ಹಣ್ಣ ಆಗೂ ಹಂಗ ಏನರ ಮಾಡು" ಎಂದು ಆಕೆಯ ಮುಂದೆ ಬಿಕ್ಕಿ ಬಿಕ್ಕಿ ಅತ್ತರಂತೆ.

ಆ ದನಿಯ ಮಾತು ನಾನು ಯಾರಿಗೂ ಹೇಳಿರಲಿಲ್ಲ. ಒಂದು ಕೇಳುತ್ತೇನೆ, ಖರೆ ಹೇಳಿರಿ. ನಿಮಗೂ ಕೇಳಿಸುತ್ತಿತ್ತೇ? ಅದಕ್ಕೇ ಮನೆ ಬಿಟ್ಟಿರೇ?